ರೋಡೆನ್‌ಬಾಕ್ ಗ್ರಾಂ ಕ್ರುಗೆ 41 ಅಂಕ: ಓಕ್ ಮರದಲ್ಲಿ ಮಾಗಿದ ಹುಳಿ ಬಿಯರನ್ನು ಅಳೆಯುವುದು ಹೇಗೆ?

ನೇರಳೆಮರ (ಲ್ಯೂವೆನ್)

ಬೆಲ್ಜಿಯಂಗೆ ಬಂದು ಮೂರು ವರ್ಷವಾದರೂ ಪಶ್ಚಿಮ ಫ್ಲಾಂಡರ್ಸ್‌ನ ಕೆಂಪು-ಕಂದು ಹುಳಿ ಬಿಯರುಗಳ ಬಗ್ಗೆ ಈ ಚರ್ಚಾವೇದಿಕೆಯಲ್ಲಿ ಬರೆಯಲು ನನಗೆ ಧೈರ್ಯ ಬಂದಿರಲಿಲ್ಲ. ಕಳೆದ ವಾರ ರೋಡೆನ್‌ಬಾಕ್ ಗ್ರಾಂ ಕ್ರುವಿನ ಎರಡು ಬಾಟಲಿಗಳನ್ನು ಎರಡು ಸಂಜೆ ನಿಧಾನವಾಗಿ ಕುಡಿದು, ಟಿಪ್ಪಣಿ ಮಾಡಿಕೊಂಡು, ಅಂಕ ಹಾಕಿದ್ದೇನೆ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಒಪ್ಪದವರು ದಯವಿಟ್ಟು ಕಾರಣ ಸಹಿತ ಬರೆಯಿರಿ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ರೂಸೆಲಾರೆ ಪಟ್ಟಣದಲ್ಲಿ 1821ರಲ್ಲಿ ರೋಡೆನ್‌ಬಾಕ್ ಸಹೋದರರು ಆರಂಭಿಸಿದ ಬಿಯರ್ ತಯಾರಿಕಾ ಮನೆ ಇದು. ಅಲ್ಲಿ ಇಂದಿಗೂ ಫೂಡರ್ ಎಂದು ಕರೆಯುವ, ನೆಟ್ಟಗೆ ನಿಲ್ಲಿಸಿದ ದೈತ್ಯ ಓಕ್ ಪೀಪಾಯಿಗಳು 294 ಇವೆ. ಅವುಗಳಲ್ಲಿ ಕೆಲವು ನೂರು ವರ್ಷಕ್ಕೂ ಹಳೆಯವು. ಹೊಸ ಬಿಯರಿನ ಒಂದು ಭಾಗವನ್ನು ಅವುಗಳಲ್ಲಿ ಸುಮಾರು ಎರಡು ವರ್ಷ ಬಿಟ್ಟು, ಹುಳಿ ಬಲಿತ ಮೇಲೆ ಎಳೆಯ ಬಿಯರಿನೊಂದಿಗೆ ಬೆರೆಸುತ್ತಾರೆ. ಶೇ 5.2 ಆಲ್ಕೋಹಾಲ್ ಇರುವ ಕ್ಲಾಸಿಕ್‌ನಲ್ಲಿ ಹಳೆಯದು ಕಾಲು ಭಾಗ, ಎಳೆಯದು ಮುಕ್ಕಾಲು ಭಾಗ. ಶೇ 6 ಇರುವ ಗ್ರಾಂ ಕ್ರುವಿನಲ್ಲಿ ಮೂರರಲ್ಲಿ ಎರಡು ಪಾಲು ಹಳೆಯದು. ಶೇ 7ರ ವಿಂಟೇಜ್ ಮಾತ್ರ ಆಯ್ದ ಒಂದೇ ಫೂಡರಿನಿಂದ ಬಂದದ್ದು; ಅದಕ್ಕೆ ಎಳೆಯ ಬಿಯರಿನ ಬೆರಕೆ ಇಲ್ಲ.

ಮೊದಲ ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ, ಸುಮಾರು 5 ಡಿಗ್ರಿಯಲ್ಲಿ ಕುಡಿದೆ. ಎರಡನೆಯದನ್ನು ಮೇಜಿನ ಮೇಲೆ ಮುಕ್ಕಾಲು ಗಂಟೆ ಇಟ್ಟು 12 ಡಿಗ್ರಿಗೆ ತಂದುಕೊಂಡೆ. ಅಂಕ ಹಾಕಿದ್ದು ಎರಡನೆಯದಕ್ಕೆ.

ಬಣ್ಣ: ದೀಪಕ್ಕೆ ಹಿಡಿದರೆ ಅಂಚಿನಲ್ಲಿ ಕೆಂಪು, ನಡುವೆ ಗಾಢ ಕಂದು; ಬೆಲ್ಲ ಬೆರೆಸಿದ ಪುನರ್ಪುಳಿ ಶರಬತ್ತು ಲೋಟದ ತಳದಲ್ಲಿ ಕಾಣುವ ಬಣ್ಣಕ್ಕೆ ಬಹಳ ಹತ್ತಿರ. ನೊರೆ ತೆಳ್ಳಗಿದ್ದು, ಬೇಗ ಇಳಿದು, ಲೋಟದ ಸುತ್ತ ಉಂಗುರವಾಗಿ ಉಳಿಯಿತು. ಪರಿಮಳ: ಮೊದಲು ಹುಳಿ ಚೆರ್ರಿ, ಆಮೇಲೆ ಹಸಿರು ಸೇಬಿನ ಸಿಪ್ಪೆ, ಅದರ ಹಿಂದೆ ಉತ್ತುತ್ತೆ ಮತ್ತು ಕ್ಯಾರಮಲ್. ವಿನೆಗರಿನ ಸುಳಿವು ಇದೆ, ಆದರೆ ಮೂಗಿಗೆ ಅಡರುವ ಘಾಟು ಇಲ್ಲ. ರುಚಿ: ನಾಲಿಗೆಗೆ ಮೊದಲು ತಾಗುವುದು ಸಿಹಿಯೇ, ಅದು ಅರ್ಧ ಕ್ಷಣ ನಿಂತು ಹುಳಿಗೆ ದಾರಿ ಬಿಡುತ್ತದೆ. ನುಂಗಿದ ಮೇಲೆ ಒಸಡಿನ ಮೇಲೆ ತೆಳುವಾದ ಒಗರು ಕೂರುತ್ತದೆ. ಚೆನ್ನಾಗಿ ಹಣ್ಣಾದ ನೇರಳೆ ತಿಂದ ಮೇಲೆ ಉಳಿಯುವ ಒಗರು ಅದು, ಕಾಯಿ ನೇರಳೆಯದ್ದಲ್ಲ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಕಹಿ ಹುಡುಕಿದರೂ ಸಿಗುವುದಿಲ್ಲ, ಸಿಗಲೂ ಬಾರದು.

ಬಿಯರ್ ತೀರ್ಪುಗಾರರು ಬಳಸುವ ಬಿಜೆಸಿಪಿ ಪಟ್ಟಿಯ ಪ್ರಕಾರ: ಪರಿಮಳ 12ಕ್ಕೆ 10, ನೋಟ 3ಕ್ಕೆ 3, ರುಚಿ 20ಕ್ಕೆ 16, ಬಾಯಿಯ ಅನುಭವ 5ಕ್ಕೆ 4, ಒಟ್ಟು ಅಭಿಪ್ರಾಯ 10ಕ್ಕೆ 8. ಎಲ್ಲ ಸೇರಿ 50ಕ್ಕೆ 41.

ಕಡಲತಡಿ (ಐಂಡ್‌ಹೋವನ್)

ನೇರಳೆಮರ ಅವರೇ, ನಿಮ್ಮ ವಿವರಣೆ ಸುಂದರವಾಗಿದೆ, ಆದರೆ ಅಂಕವನ್ನು ನಾನು ಒಪ್ಪಲಾರೆ. ಇದೇ ಬಿಯರನ್ನು ಹೋದ ತಿಂಗಳು ಕುಡಿದು 28 ಕೊಟ್ಟಿದ್ದೆ: ಪರಿಮಳ 6, ನೋಟ 3, ರುಚಿ 11, ಬಾಯಿ 3, ಒಟ್ಟು 5.

ನಾನು ಹುಟ್ಟಿ ಬೆಳೆದದ್ದು ಮಂಗಳೂರಿನ ಕಡೆ. ನಮ್ಮ ಮನೆಯ ಅಡುಗೆಗೆ ಶೇಂದಿಯ ವಿನೆಗರ್ ಬೇಕೇ ಬೇಕಿತ್ತು. ಅಜ್ಜಿ ಅದನ್ನು ಭರಣಿಯಲ್ಲಿ ಕಟ್ಟಿಡುತ್ತಿದ್ದರು. ಬಟ್ಟೆ ಬಿಚ್ಚಿದಾಗ ಬರುತ್ತಿದ್ದ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಗ್ರಾಂ ಕ್ರುವಿನ ಲೋಟವನ್ನು ಮೂಗಿನ ಹತ್ತಿರ ತಂದ ಕೂಡಲೇ ನನಗೆ ನೆನಪಾದದ್ದು ಚೆರ್ರಿಯಲ್ಲ, ಆ ಭರಣಿ. ಹಂದಿ ಮಾಂಸದ ಬಫಾತಿಗೆ ಹಾಕುವ ವಸ್ತುವನ್ನು ಲೋಟದಲ್ಲಿ ಕುಡಿಯಲು ನನ್ನ ನಾಲಿಗೆ ಒಪ್ಪುವುದಿಲ್ಲ. ಬೆಳಿಗ್ಗೆ ಇಳಿಸಿದ ಶೇಂದಿ ಸಿಹಿ, ಸಂಜೆಗೆ ಅದು ಹುಳಿ, ಮರುದಿನಕ್ಕೆ ವಿನೆಗರಿನ ದಾರಿ ಹಿಡಿಯುತ್ತದೆ. ಯಾವ ಹಂತದಲ್ಲಿ ಕುಡಿಯಬೇಕು, ಯಾವ ಹಂತದಲ್ಲಿ ಅಡುಗೆಗೆ ಎತ್ತಿಡಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಈ ಬಿಯರ್ ಆ ಗೆರೆಯನ್ನು ದಾಟಿದೆ ಎಂದು ನನ್ನ ಅಭಿಪ್ರಾಯ. ಬೇರೆ ಯಾವುದೇ ಬಿಯರಿನಲ್ಲಿ ತಪ್ಪು ಎಂದು ಅಂಕ ಕಳೆಯುವ ಗುಣಕ್ಕೆ ಇಲ್ಲಿ ಮಾತ್ರ ಏಕೆ ವಿನಾಯಿತಿ?

ಮಾಲ್ಟ್‌ಮನೆ (ಬೆಂಗಳೂರು)

ನಾನು ಇಲ್ಲಿನ ಒಂದು ಮೈಕ್ರೋಬ್ರೂವರಿಯಲ್ಲಿ ಬಿಯರ್ ತಯಾರಿಸುವ ಕೆಲಸದಲ್ಲಿದ್ದೇನೆ. ಕಡಲತಡಿ ಅವರ ಶೇಂದಿಯ ಹೋಲಿಕೆ ಅವರು ಅಂದುಕೊಂಡಿರುವುದಕ್ಕಿಂತ ಹೆಚ್ಚು ಸರಿಯಾಗಿದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಶೇಂದಿಯಲ್ಲಿ ಕೆಲಸ ಮಾಡುವವರು ಮೂರು ಗುಂಪು: ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್, ಮೊಸರಿನ ಹುಳಿ ಕೊಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ, ಗಾಳಿ ಸಿಕ್ಕಾಗ ಆಲ್ಕೋಹಾಲನ್ನು ವಿನೆಗರಿನ ಹುಳಿಯಾಗಿಸುವ ಅಸಿಟಿಕ್ ಬ್ಯಾಕ್ಟೀರಿಯಾ. ರೂಸೆಲಾರೆಯಲ್ಲೂ ಇವೇ ಮೂರು ಇವೆ. ಜೊತೆಗೆ ನಾಲ್ಕನೆಯದಾಗಿ ಬ್ರೆಟ್ಟಾನೋಮೈಸಿಸ್ ಎಂಬ ನಿಧಾನಿ ಯೀಸ್ಟ್ ಇದೆ. ಶೇಂದಿಯಲ್ಲಿ ಒಂದೆರಡು ದಿನಕ್ಕೆ ಮುಗಿಯುವ ಓಟ ಅಲ್ಲಿ ಎರಡು ವರ್ಷ ಹಿಡಿಯುತ್ತದೆ. ತಯಾರಿಕೆಯ ಮೊದಲ ಹಂತದಲ್ಲೇ ಯೀಸ್ಟಿನ ಜೊತೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುತ್ತದೆ. ಹಾಪ್ಸ್ ಕಡಿಮೆ ಹಾಕುವುದಕ್ಕೂ ಇದೇ ಕಾರಣ. ಹಾಪ್ಸಿನ ಕಹಿ ಅಂಶ ಹೆಚ್ಚಾದರೆ ಲ್ಯಾಕ್ಟೋಬ್ಯಾಸಿಲಸ್ ಎಂಬ ಈ ಬ್ಯಾಕ್ಟೀರಿಯಾ ಏಳುವುದಿಲ್ಲ. ಹಾಗಾಗಿ ಮೊದಲು ಮೊಸರಿನ ಹುಳಿ ಬರುತ್ತದೆ. ವಿನೆಗರಿನ ಹುಳಿ ಬರುವುದು ಮರದೊಳಗೆ ಹೋದ ಮೇಲೆ, ಹಲಗೆಯ ಮೂಲಕ ಮತ್ತು ಸಂದುಗಳ ಮೂಲಕ ನುಸುಳುವ ತುಸು ಗಾಳಿಯಿಂದ.

ಗಮನಿಸಬೇಕಾದದ್ದು ಈ "ತುಸು" ಎಂಬ ಮಾತನ್ನು. ವೈನಿನವರು ಬಳಸುವ ಸಾಮಾನ್ಯ ಪೀಪಾಯಿ 225 ಲೀಟರಿನದ್ದು. ಅದೇ ಆಕಾರದ 20,000 ಲೀಟರ್ ಫೂಡರ್ ಮಾಡಿದರೆ, ಪ್ರತಿ ಲೀಟರ್ ಬಿಯರಿಗೆ ತಾಗುವ ಮರದ ಮೈ ಸುಮಾರು ನಾಲ್ಕೂವರೆ ಪಟ್ಟು ಕಡಿಮೆಯಾಗುತ್ತದೆ. ಹಲಗೆಯೂ ದಪ್ಪ. ಗಾಳಿ ಅಷ್ಟು ಕಡಿಮೆಯಾದಾಗ ಅಸಿಟಿಕ್ ಬ್ಯಾಕ್ಟೀರಿಯಾಕ್ಕೆ ಹಿಡಿತ ಸಿಗುವುದಿಲ್ಲ, ಬ್ರೆಟ್ಟಾನೋಮೈಸಿಸ್‌ಗೆ ಕಾಲಾವಕಾಶ ಸಿಗುತ್ತದೆ. ಹುಳಿಗಳು ಆಲ್ಕೋಹಾಲಿನೊಂದಿಗೆ ಸೇರಿ ಎಸ್ಟರುಗಳೆಂಬ ಪರಿಮಳದ ಸಂಯುಕ್ತಗಳಾಗಿ ಬದಲಾಗುತ್ತವೆ. ನೇರಳೆಮರ ಅವರಿಗೆ ಸಿಕ್ಕ ಹಣ್ಣಿನ ಪರಿಮಳದಲ್ಲಿ ದೊಡ್ಡ ಪಾಲು ಈ ಎಸ್ಟರುಗಳದ್ದು. ತಯಾರಿಕೆಯಲ್ಲಿ ಚೆರ್ರಿ ಹಾಕಿರುವುದಿಲ್ಲ. ಆದರೆ ಇದೇ ಎಸ್ಟರುಗಳಲ್ಲಿ ಒಂದಾದ ಈಥೈಲ್ ಅಸಿಟೇಟ್ ಸ್ವಲ್ಪ ಇದ್ದರೆ ಹಣ್ಣಿನಂತೆ, ಮಿತಿ ಮೀರಿದರೆ ಉಗುರುಬಣ್ಣ ಅಳಿಸುವ ದ್ರವದಂತೆ ನಾರುತ್ತದೆ.

ಆದ್ದರಿಂದ ಕಡಲತಡಿ ಅವರ ಪ್ರಶ್ನೆಗೆ ನನ್ನ ಉತ್ತರ: ವಿನಾಯಿತಿ ಇಲ್ಲ. ವಿನೆಗರ್ ಮೇಲುಗೈ ಪಡೆದರೆ ಈ ಶೈಲಿಯಲ್ಲೂ ಅದು ದೋಷವೇ. ಮೇಲುಗೈ ಪಡೆದಿದೆಯೇ ಎಂಬುದಷ್ಟೇ ಚರ್ಚೆ. ನೀವು ಎಷ್ಟು ತಂಪಿನಲ್ಲಿ, ಯಾವ ಲೋಟದಲ್ಲಿ, ಏನು ತಿಂದ ಮೇಲೆ ಕುಡಿದಿರಿ?

ಕಡಲತಡಿ (ಐಂಡ್‌ಹೋವನ್)

ಫ್ರಿಜ್ಜಿನಿಂದ ನೇರವಾಗಿ, ಸಾಮಾನ್ಯ ನೀರಿನ ಲೋಟದಲ್ಲಿ. ಮೊದಲು ಖಾರದ ಮೀನು ಸಾರು ಊಟ ಮಾಡಿದ್ದೆ ಎಂಬುದು ನಿಜ. ಇನ್ನೊಂದು ಬಾಟಲಿ ಇದೆ. ಮತ್ತೆ ಕುಡಿದು ಬರೆಯುತ್ತೇನೆ.

ಹೇಮಾವತಿ (ಹಾಸನ)

ನಾನು ಈ ಬಿಯರನ್ನು ಕುಡಿದಿಲ್ಲ, ಆದರೆ ಒಂದು ಸಂದೇಹವಿದೆ. ಓಕ್ ಮರದಲ್ಲಿ ಎರಡು ವರ್ಷ ಇಟ್ಟದ್ದು ಎನ್ನುತ್ತೀರಿ, ಆದರೆ ನೇರಳೆಮರ ಅವರ ಟಿಪ್ಪಣಿಯಲ್ಲಿ ಓಕ್ ರುಚಿಯ ಮಾತೇ ಇಲ್ಲವಲ್ಲ. ವಿಸ್ಕಿಯ ವಿಷಯ ಬಂದಾಗ ಎಲ್ಲರೂ ವೆನಿಲಾ, ತೆಂಗಿನಕಾಯಿ ಎಂದು ಬರೆಯುತ್ತಾರೆ. ಇಲ್ಲಿ ಅದು ಎಲ್ಲಿ ಹೋಯಿತು? ಮರದ ರುಚಿ ಬಾರದಿದ್ದರೆ ಅದಕ್ಕೆ ಅಂಕ ಕಳೆಯಬೇಕಲ್ಲವೇ?

ಮಾಲ್ಟ್‌ಮನೆ (ಬೆಂಗಳೂರು)

ಒಳ್ಳೆಯ ಪ್ರಶ್ನೆ ಹೇಮಾವತಿ ಅವರೇ. ವೆನಿಲಾ, ತೆಂಗು, ಲವಂಗದ ಪರಿಮಳ ಬರುವುದು ಹೊಸ ಮರದಿಂದ, ಅದರಲ್ಲೂ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟ ಪೀಪಾಯಿಯಿಂದ. ದಶಕಗಟ್ಟಲೆ ಬಿಯರ್ ತುಂಬಿ ಖಾಲಿ ಮಾಡಿದ ಹಲಗೆಯಲ್ಲಿ ಆ ಅಂಶಗಳು ಹೆಚ್ಚೇನೂ ಉಳಿದಿರುವುದಿಲ್ಲ. ನಮ್ಮ ಮಣ್ಣಿನ ಮೊಸರು ಗಡಿಗೆಯನ್ನು ನೆನಪಿಸಿಕೊಳ್ಳಿ: ಹೊಸ ಗಡಿಗೆಯಲ್ಲಿ ಮಣ್ಣಿನ ವಾಸನೆ ಬರುತ್ತದೆ, ಪಳಗಿದ ಗಡಿಗೆಯಲ್ಲಿ ಮಣ್ಣಿನ ವಾಸನೆ ಇರುವುದಿಲ್ಲ, ಆದರೆ ಮೊಸರು ಮಾತ್ರ ಗಟ್ಟಿಯಾಗಿ, ಹದವಾಗಿ ಹೆಪ್ಪಾಗುತ್ತದೆ. ಹಳೆಯ ಫೂಡರ್ ಕೊಡುವುದು ಸೂಕ್ಷ್ಮಜೀವಿಗಳಿಗೆ ಮನೆ, ಅಳತೆಯ ಗಾಳಿ, ಸ್ವಲ್ಪ ಒಗರು. ಈ ಬಿಯರಿನಲ್ಲಿ ವೆನಿಲಾ ಹುಡುಕಿ ಸಿಗಲಿಲ್ಲವೆಂದು ಅಂಕ ಕಳೆಯುವುದು ತಪ್ಪಾಗುತ್ತದೆ. ಜಾಲತಾಣಗಳಲ್ಲಿ ಹಾಗೆ ಕಳೆದವರನ್ನು ನಾನು ಕಂಡಿದ್ದೇನೆ, ಮನಸ್ಸಿಗೆ ಬೇಸರವಾಗಿದೆ.

ನಮ್ಮಲ್ಲಿ ಇದನ್ನು ಏಕೆ ಮಾಡುವುದಿಲ್ಲ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಬ್ರೆಟ್ಟಾನೋಮೈಸಿಸ್ ಒಮ್ಮೆ ಕೊಳವೆ, ರಬ್ಬರು, ಮರದ ರಂಧ್ರಗಳನ್ನು ಹೊಕ್ಕರೆ ಬಿಡಿಸುವುದು ಕಷ್ಟ. ಪಕ್ಕದ ಟ್ಯಾಂಕಿನ ಗೋಧಿ ಬಿಯರೂ ಕೆಡುತ್ತದೆ. ಎರಡು ವರ್ಷ ಒಂದು ಟ್ಯಾಂಕನ್ನು ಕಟ್ಟಿಹಾಕುವಷ್ಟು ಜಾಗ ನಗರದ ಬ್ರೂಪಬ್ಬಿನಲ್ಲಿ ಇರುವುದೂ ಇಲ್ಲ.

ಕುದಿಪಾತ್ರೆ (ಡೆನ್ವರ್)

ಪೀಪಾಯಿಯ ಗಾತ್ರದ ಮಾತು ಬಂದದ್ದರಿಂದ ನನ್ನ ಅನುಭವ ಹೇಳುತ್ತೇನೆ. ಇಲ್ಲಿ ಕೊಲರಾಡೋದಲ್ಲಿ ಈ ಶೈಲಿಗೆ ವಿಶೇಷ ಗೌರವವಿದೆ. ರೋಡೆನ್‌ಬಾಕ್‌ನಲ್ಲಿ ಕೆಲಸ ಮಾಡಿದ್ದ ಪೀಟರ್ ಬೌಕಾರ್ಟ್ 1996ರಲ್ಲಿ ಫೋರ್ಟ್ ಕಾಲಿನ್ಸ್‌ನ ನ್ಯೂ ಬೆಲ್ಜಿಯಂ ಎಂಬ ಬಿಯರ್ ಕಂಪನಿಗೆ ಬಂದು, ಓಕ್ ಮರದಲ್ಲಿ ಮಾಗಿಸಿದ ಲಾ ಫೋಲಿ ಎಂಬ ಹುಳಿ ಕಂದು ಬಿಯರನ್ನು ರೂಪಿಸಿದರು. ಅಮೆರಿಕದಲ್ಲಿ ಮರದಲ್ಲಿ ಹುಳಿಸಿದ ಬಿಯರುಗಳ ಅಲೆಗೆ ಅದು ಆರಂಭದ ಪ್ರೇರಣೆಗಳಲ್ಲಿ ಒಂದು. ಅಲ್ಲೂ ಮೊದಲು ಚಿಕ್ಕ ವೈನ್ ಪೀಪಾಯಿಗಳಿದ್ದು, ಆಮೇಲೆ ಫೂಡರುಗಳು ಬಂದವು.

ಅದರಿಂದ ಉತ್ತೇಜಿತನಾಗಿ ನಾನೂ ಮನೆಯಲ್ಲಿ 20 ಲೀಟರಿನ ಪುಟ್ಟ ಓಕ್ ಪೀಪಾಯಿ ತಂದು ಪ್ರಯತ್ನಿಸಿದೆ. ವಿಯೆನ್ನಾ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸ್ವಲ್ಪ ಕ್ಯಾರಮಲ್ ಮಾಲ್ಟ್, ಮೆಕ್ಕೆಜೋಳ, ಅಂಗಡಿಯಲ್ಲಿ ಸಿಗುವ ಮಿಶ್ರ ಯೀಸ್ಟ್, ಎಲ್ಲ ಸರಿಯಾಗಿಯೇ ಇತ್ತು. ಮೂರನೆಯ ತಿಂಗಳಲ್ಲಿ ಸೊಗಸಾದ ಚೆರ್ರಿ ಪರಿಮಳ. ಇನ್ನೂ ಮಾಗಲಿ ಎಂದು ಬಿಟ್ಟೆ. ಒಂಬತ್ತನೆಯ ತಿಂಗಳಲ್ಲಿ ತೆರೆದಾಗ ಕಣ್ಣಲ್ಲಿ ನೀರು ಬರುವಷ್ಟು ವಿನೆಗರ್. ಅದನ್ನು ಚೆಲ್ಲಿದ ದಿನದ ದುಃಖ ನನಗೆ ಇನ್ನೂ ನೆನಪಿದೆ. ಮಾಲ್ಟ್‌ಮನೆಯವರು ಹೇಳಿದ ಲೆಕ್ಕ ಆಗ ಗೊತ್ತಿದ್ದರೆ ಗಾಜಿನ ಪಾತ್ರೆಯಲ್ಲಿಟ್ಟು ಒಂದು ಹಿಡಿ ಓಕ್ ಚೂರು ಹಾಕುತ್ತಿದ್ದೆ. ಆಮೇಲೆ ಹಾಗೆಯೇ ಮಾಡಿದೆ, ಫಲಿತಾಂಶ ಎಷ್ಟೋ ಮೇಲು.

ಇನ್ನೊಂದು ವಿಷಯ. ಕಡಲತಡಿ ಅವರಿಗೆ ಹುಳಿಯೇ ತೊಂದರೆಯಾದರೆ ಇದೇ ಶೈಲಿಯ ಡುಶೆಸ್ ದ ಬೂರ್ಗೋನ್ ನೋಡಬಹುದು. ಫಿಕ್ಟೆ ಊರಿನ ವೆರ್‌ಹೇಗೆಯವರ ಬಿಯರ್, ಶೇ 6.2. ಅದರಲ್ಲಿ ಸಿಹಿ ಹೆಚ್ಚು. ನನಗೆ ಎರಡನೆಯ ಲೋಟಕ್ಕೆ ಅದು ಭಾರವೆನಿಸುತ್ತದೆ. ನನ್ನ ಪಟ್ಟಿಯಲ್ಲಿ ಅದಕ್ಕೆ 36, ಗ್ರಾಂ ಕ್ರುಗೆ 42.

ನೇರಳೆಮರ (ಲ್ಯೂವೆನ್)

ಹೇಮಾವತಿ ಅವರ ಪ್ರಶ್ನೆ ನನ್ನ ಟಿಪ್ಪಣಿಯ ಕೊರತೆಯನ್ನು ತೋರಿಸಿತು. ಓಕ್ ಎಂಬ ಪದವನ್ನು ಬರೆಯದೆ ಒಗರು ಎಂದು ಬರೆದಿದ್ದೆ. ಇಂಗ್ಲಿಷಿನಲ್ಲಿ ಬಿಯರ್ ವಿಮರ್ಶೆ ಓದುವಾಗ ನನ್ನನ್ನು ಕಾಡುವ ಒಂದು ಸಂಗತಿ ಇದು: ಹುಳಿ, ಕಹಿ, ಒಗರು ಮೂರನ್ನೂ ಕಲಸಿ ಅನೇಕರು ಬರೆಯುತ್ತಾರೆ. ನಮಗೆ ಒಗರು ಎಂಬುದು ಷಡ್ರಸಗಳಲ್ಲಿ ಒಂದಾಗಿ ಚಿಕ್ಕಂದಿನಿಂದಲೇ ಗೊತ್ತು. ಬಾಳೆಕಾಯಿ, ಗೇರುಹಣ್ಣು, ನೆಲ್ಲಿಕಾಯಿ ತಿಂದ ಬಾಯಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ. ಹುಳಿಯಲ್ಲೂ ನಾವು ಭೇದ ಮಾಡಬಲ್ಲೆವು. ಮಜ್ಜಿಗೆಯ ಹುಳಿ ನಾಲಿಗೆಯ ಮೇಲೆ ಹರಡಿಕೊಳ್ಳುತ್ತದೆ, ಅದು ಲ್ಯಾಕ್ಟಿಕ್. ವಿನೆಗರಿನ ಹುಳಿ ಗಂಟಲನ್ನು ಹಿಡಿಯುತ್ತದೆ, ಮೂಗಿಗೂ ಏರುತ್ತದೆ, ಅದು ಅಸಿಟಿಕ್. "ಬಹಳ ಹುಳಿ" ಎಂದಷ್ಟೇ ಬರೆದು ಅಂಕ ಕೊಡುವ ಬದಲು ಯಾವ ಹುಳಿ, ಎಲ್ಲಿ ತಾಗಿತು, ಎಷ್ಟು ಹೊತ್ತು ನಿಂತಿತು ಎಂದು ಬರೆದರೆ, ಕಡಲತಡಿ ಅವರ 28ಕ್ಕೂ ನನ್ನ 41ಕ್ಕೂ ನಡುವಿನ ದೂರ ಎಲ್ಲಿಂದ ಬಂತೆಂದು ಓದುವವರಿಗೆ ತಿಳಿಯುತ್ತದೆ. ಅವರ ಟಿಪ್ಪಣಿ ಈ ದೃಷ್ಟಿಯಿಂದ ನನ್ನದಕ್ಕಿಂತ ಪ್ರಾಮಾಣಿಕವಾಗಿದೆ; ಅವರು ಭರಣಿಯ ಹೆಸರನ್ನೇ ಹೇಳಿದ್ದಾರೆ.

ನಾನು ಅಂಕ ಕೊಟ್ಟದ್ದು ಹುಳಿಯ ಬಲಕ್ಕಲ್ಲ, ಬೆರಕೆಗೆ. ಎರಡು ವರ್ಷದ ಬಿಯರಿನಲ್ಲಿ ಸಕ್ಕರೆ ಬಹುಪಾಲು ತೀರಿಹೋಗಿರುತ್ತದೆ. ಅದರ ಒರಟನ್ನು ಮೆತ್ತಗೆ ಮಾಡುವುದು ಆ ಮೂರನೆಯ ಒಂದು ಪಾಲು ಎಳೆಯ ಬಿಯರ್. ಪ್ರತಿ ಫೂಡರಿನ ರುಚಿ ಬೇರೆಯಿರುವಾಗ ಅವುಗಳನ್ನು ರುಚಿ ನೋಡಿ, ಆಯ್ದು, ಬೆರೆಸಿ, ಇಂದಿನ ಬಾಟಲಿ ಹಿಂದಿನದನ್ನು ಹೋಲುವಂತೆ ಮಾಡುವವರ ನಾಲಿಗೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಸ್ಥಾಪಕ ಸಹೋದರರಲ್ಲಿ ಒಬ್ಬರಾದ ಅಲೆಕ್ಸಾಂಡರ್ ರೋಡೆನ್‌ಬಾಕ್ ಅವರಿಗೆ ಬಾಲ್ಯದಲ್ಲೇ ದೃಷ್ಟಿ ಹೋಗಿತ್ತು. ಮುಂದೆ ಅವರು ಸ್ವತಂತ್ರ ಬೆಲ್ಜಿಯಂನ ಸಂವಿಧಾನ ರಚಿಸಿದ ರಾಷ್ಟ್ರೀಯ ಮಹಾಸಭೆಯ ಸದಸ್ಯರೂ ಆದರು. 50 ಅಂಕಗಳಲ್ಲಿ ನೋಟಕ್ಕೆ 3 ಮಾತ್ರ ಇರುವುದನ್ನು ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ನಿನ್ನೆ ಮೂರನೆಯ ಬಾಟಲಿ ತೆರೆದೆ. ಮಾಲ್ಟ್‌ಮನೆಯವರ ಮಾತಿನ ಮೇಲೆ ಲೋಟವನ್ನು 16 ಡಿಗ್ರಿವರೆಗೆ ಬೆಚ್ಚಗಾಗಲು ಬಿಟ್ಟು ಮೂಸಿದಾಗ ಉಗುರುಬಣ್ಣದ ವಾಸನೆಯ ಎಳೆಯೊಂದು ನಿಜವಾಗಿಯೂ ಸಿಕ್ಕಿತು. ಪರಿಮಳಕ್ಕೆ ಒಂದು ಅಂಕ ಕಳೆಯುತ್ತೇನೆ, 9. ಆದರೆ ಅದೇ ಬಿಸುಪಿನಲ್ಲಿ ರುಚಿಯ ಕೊನೆ ಮೊದಲಿಗಿಂತ ಉದ್ದವಾಗಿತ್ತು, ಒಗರು ಇನ್ನಷ್ಟು ಮೃದುವಾಗಿತ್ತು, ರುಚಿಗೆ 17. ಮೊತ್ತ ಮತ್ತೆ 41.

ಕಡಲತಡಿ (ಐಂಡ್‌ಹೋವನ್)

ಮಾತು ಕೊಟ್ಟಂತೆ ಮತ್ತೆ ಕುಡಿದೆ. ಈ ಸಲ ಖಾಲಿ ಹೊಟ್ಟೆ, ಕಾಲಿರುವ ಲೋಟ, 12 ಡಿಗ್ರಿ. ತಂಪಿನಲ್ಲಿ ಸಿಹಿ ಅಡಗಿ ಹುಳಿಯೊಂದೇ ನಾಲಿಗೆಗೆ ಬಿದ್ದಿತ್ತು ಎಂಬುದನ್ನು ಒಪ್ಪುತ್ತೇನೆ. ಚೆರ್ರಿ ಮತ್ತು ಉತ್ತುತ್ತೆ ನನಗೂ ಸಿಕ್ಕವು. ಆದರೆ ಭರಣಿ ಇನ್ನೂ ಅಲ್ಲೇ ಇದೆ. ಪರಿಮಳ 8, ನೋಟ 3, ರುಚಿ 14, ಬಾಯಿ 3, ಒಟ್ಟು 6. ಎಲ್ಲ ಸೇರಿ 34. ಇದಕ್ಕಿಂತ ಹೆಚ್ಚು ಕೊಟ್ಟರೆ ನನ್ನ ನಾಲಿಗೆಗೆ ಮೋಸ ಮಾಡಿದಂತಾಗುತ್ತದೆ.

ಮಾಲ್ಟ್‌ಮನೆ (ಬೆಂಗಳೂರು)

ಆರು ಅಂಕ ಮೇಲೆ ಬಂದದ್ದು ಬಿಯರ್ ಬದಲಾದದ್ದರಿಂದಲ್ಲ, ಕುಡಿದ ರೀತಿ ಬದಲಾದದ್ದರಿಂದ. ಇನ್ನು ಮುಂದೆ ಇಲ್ಲಿ ಅಂಕ ಬರೆಯುವವರು ಉಷ್ಣತೆ ಮತ್ತು ಬಾಟಲಿಯ ದಿನಾಂಕವನ್ನೂ ಬರೆಯಬೇಕೆಂದು ವಿನಂತಿ.

ನಿಮ್ಮಿಬ್ಬರಿಗೂ ಒಂದು ಪ್ರಯೋಗ ಸೂಚಿಸುತ್ತೇನೆ. ವಿಂಟೇಜ್ ಪೂರ್ತಿ ಹಳೆಯದು, ಕ್ಲಾಸಿಕ್‌ನಲ್ಲಿ ಹಳೆಯದು ಕಾಲು ಭಾಗ. 50 ಮಿಲಿ ವಿಂಟೇಜಿಗೆ 40 ಮಿಲಿ ಕ್ಲಾಸಿಕ್ ಸೇರಿಸಿದರೆ 90 ಮಿಲಿಯಲ್ಲಿ 60 ಹಳೆಯದಾಗುತ್ತದೆ; ಅದು ಗ್ರಾಂ ಕ್ರುವಿನ ಪ್ರಮಾಣ. ವಿಂಟೇಜ್ ಆಯ್ದ ಫೂಡರಿನದ್ದಾದ್ದರಿಂದ ರುಚಿ ಅದೇ ಆಗುವುದಿಲ್ಲ, ಆದರೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ನೋಡಿದರೆ ನಿಮ್ಮ ನಾಲಿಗೆ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯುತ್ತದೆ.

ಕಡಲತಡಿ (ಐಂಡ್‌ಹೋವನ್)

ಶನಿವಾರ ಮಾಡಿದೆವು. ನೇರಳೆಮರ ಅವರು ರೈಲು ಹತ್ತಿ ನಮ್ಮ ಮನೆಗೇ ಬಂದರು. ನನ್ನ ಪತಿ ಅಡುಗೆಮನೆಯಲ್ಲಿ ಅಳೆದು ಬೆರೆಸಿ, ಲೋಟಗಳಿಗೆ ಸಂಖ್ಯೆ ಅಂಟಿಸಿ, ಯಾವುದು ಯಾವುದೆಂದು ಹೇಳದೆ ತಂದಿಟ್ಟರು. ಎಲ್ಲವೂ 12 ಡಿಗ್ರಿ, ನಡುವೆ ಬರೀ ನೀರು ಮತ್ತು ಉಪ್ಪಿಲ್ಲದ ಬ್ರೆಡ್ಡು.

ಐದಕ್ಕೆ ನಾಲ್ಕರ ಬೆರಕೆಯನ್ನು ನೇರಳೆಮರ ಅವರು ಗ್ರಾಂ ಕ್ರು ಎಂದೇ ತಿಳಿದು 40 ಕೊಟ್ಟರು. ನಿಜವಾದ ಗ್ರಾಂ ಕ್ರುಗೆ 41. ನಾನು ಎರಡಕ್ಕೂ 34ರ ಆಸುಪಾಸಿನಲ್ಲೇ ಇದ್ದೆ. ಬರೀ ವಿಂಟೇಜಿಗೆ ಅವರು 43 ಕೊಟ್ಟರೆ ನಾನು 30ಕ್ಕೆ ನಿಂತೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೂರನೆಯ ಲೋಟ, ಅದಕ್ಕೆ 38 ಬರೆದಿದ್ದೆ. ಚೀಟಿ ಬಿಡಿಸಿ ನೋಡಿದರೆ ಅದು ಒಂದು ಪಾಲು ವಿಂಟೇಜಿಗೆ ಎರಡು ಪಾಲು ಕ್ಲಾಸಿಕ್, ಅಂದರೆ ಸರಿಯಾಗಿ ಅರ್ಧ ಹಳೆಯದು, ಅರ್ಧ ಎಳೆಯದು. ಆ ಲೋಟದಲ್ಲಿ ಭರಣಿಯ ವಾಸನೆ ಇರಲಿಲ್ಲವೆಂದಲ್ಲ. ಅಜ್ಜಿ ಬಟ್ಟೆಯನ್ನು ಮತ್ತೆ ಬಿಗಿದು ಕಟ್ಟಿ, ಭರಣಿಯನ್ನು ಮೂಲೆಗೆ ಸರಿಸಿದ ಮೇಲೆ ಅಡುಗೆಮನೆಯಲ್ಲಿ ಉಳಿಯುತ್ತಿದ್ದಷ್ಟಿತ್ತು.